ಯಾವ ತುರಿಕೆಗೆ ಯಾವ ಸೊಪ್ಪು

ತುರಿಕೆಗೆ ಏನು ಹಚ್ಚಬೇಕು ಎಂದು ಯಾರಾದರೂ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕಿದರೆ ಸಾಕು, ಮದ್ದುಗಳ ಮಳೆ ಸುರಿಯುತ್ತದೆ. ದಾವಣಗೆರೆಯ ಚಿಕ್ಕಮ್ಮ ಬೇವಿನ ಸೊಪ್ಪು ಅರೆದು ಹಚ್ಚಿ ಎನ್ನುತ್ತಾರೆ. ಮೈಸೂರಿನ ಅತ್ತಿಗೆ ದೊಡ್ಡಪತ್ರೆ ತಿಕ್ಕಿ ಎನ್ನುತ್ತಾರೆ. ಪುತ್ತೂರಿನ ಭಾವ ಪುನರ್ಪುಳಿ ಬಿಟ್ಟರೆ ಬೇರೆ ಮದ್ದಿಲ್ಲ ಎಂದು ಧ್ವನಿಮುದ್ರಿಕೆಯನ್ನೇ ಕಳಿಸುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಅವರವರ ಮನೆಯಲ್ಲಿ ಅದರಿಂದ ಗುಣವಾದದ್ದು ಕಂಡವರೇ. ಆದರೆ ಒಬ್ಬರಾದರೂ ತಿರುಗಿ ಪ್ರಶ್ನೆ ಕೇಳಿರುವುದಿಲ್ಲ. ಎಲ್ಲಿ ತುರಿಕೆ? ಯಾವಾಗಿನಿಂದ? ಹಗಲು ಹೆಚ್ಚೋ ರಾತ್ರಿ ಹೆಚ್ಚೋ? ಮನೆಯಲ್ಲಿ ಇನ್ನೊಬ್ಬರಿಗೂ ಇದೆಯೇ? ಚರ್ಮ ಒಣಗಿ ಬಿರಿದಿದೆಯೋ, ನೀರು ಒಸರುತ್ತಿದೆಯೋ? ಈ ಐದು ಪ್ರಶ್ನೆಗಳಿಗೆ ಉತ್ತರ ಸಿಗದೆ ಹೇಳಿದ ಮದ್ದು ಫಲಿಸಿದರೆ ಅದು ಅದೃಷ್ಟ.

ಮನೆಮದ್ದಿನ ಬಗ್ಗೆ ಅಸಡ್ಡೆಯಿಂದ ಈ ಮಾತು ಹೇಳುತ್ತಿಲ್ಲ. ನಮ್ಮ ಸೊಪ್ಪುಸದೆಗಳ ತಿಳಿವಳಿಕೆ ದೊಡ್ಡದು. ಊರಲ್ಲಿ ಮದ್ದು ಕೊಡುತ್ತಿದ್ದ ಹೆಂಗಸರು ಬಂದವರ ಕೈಯನ್ನು ಮೊದಲು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆರಳ ಸಂದಿ ಬಿಡಿಸುವರು, ಮಣಿಕಟ್ಟಿನ ಒಳಮಗ್ಗುಲು ನೋಡುವರು, ಉಡಿದಾರದ ಜಾಗದಲ್ಲಿ ತುರಿಸುತ್ತದೆಯೇ ಎಂದು ಕೇಳುವರು. ನಿನ್ನೆ ಏನು ಉಂಡೆ, ಯಾವ ಗಿಡ ಕಡಿದೆ ಎಂದು ವಿಚಾರಿಸುವರು. ಆಮೇಲೆಯೇ ಹಿತ್ತಿಲಿಗೆ ಹೋಗುತ್ತಿದ್ದದ್ದು. ಈಗ ಹಿತ್ತಿಲ ಸೊಪ್ಪಿನ ಹೆಸರು ಮಾತ್ರ ಮೊಬೈಲಿನಲ್ಲಿ ಓಡಾಡುತ್ತಿದೆ. ನೋಡುವ ಕ್ರಮ, ಅಳತೆ, ಯಾವುದಕ್ಕೆ ಹಚ್ಚಬಾರದು ಎಂಬ ಎಚ್ಚರ ಹಿಂದುಳಿದಿವೆ. ಅವನ್ನು ಮತ್ತೆ ಸೊಪ್ಪಿನ ಜೊತೆ ಕೂಡಿಸಿಕೊಳ್ಳದಿದ್ದರೆ ಸೊಪ್ಪಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪಿತ್ತದ ಗಂಧೆ ಮತ್ತು ಪುನರ್ಪುಳಿ

ಮೈಮೇಲೆ ಇದ್ದಕ್ಕಿದ್ದಂತೆ ದಡಿಕೆಗಳೆದ್ದು, ಒಂದು ಕಡೆ ಇಳಿಯುತ್ತಿದ್ದಂತೆ ಇನ್ನೊಂದು ಕಡೆ ಏಳುವುದು ಪಿತ್ತದ ಗಂಧೆ. ಚರ್ಮದೊಳಗಿನ ಕೆಲವು ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಬಿಡುಗಡೆ ಮಾಡುವುದರಿಂದ ರಕ್ತನಾಳಗಳು ಹಿಗ್ಗಿ, ನೀರು ಸೋರಿ, ಅಲ್ಲಿ ಉಬ್ಬುತ್ತದೆ. ಸಿಗಡಿ, ಏಡಿ, ನೋವಿನ ಮಾತ್ರೆ, ಆಂಟಿಬಯಾಟಿಕ್, ಇರುವೆ ಕಡಿತ, ಮಕ್ಕಳಲ್ಲಿ ಒಂದು ಸಣ್ಣ ವೈರಲ್ ಜ್ವರ, ಯಾವುದೂ ಕಾರಣವಾಗಬಹುದು.

ಕರಾವಳಿಯವರು ಪುನರ್ಪುಳಿ ಎಂದೂ ಉತ್ತರ ಕನ್ನಡದವರು ಮುರುಗಲು ಎಂದೂ ಕರೆಯುವ ಹಣ್ಣು ಇದಕ್ಕೆ ಪಶ್ಚಿಮ ಘಟ್ಟದ ಮೊದಲ ಮದ್ದು. ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆ ಸಮಯದಲ್ಲಾದರೆ ಹಣ್ಣು ಒಡೆದು ಸಿಪ್ಪೆಯ ಒಳಮೈಯನ್ನೇ ದಡಿಕೆಯ ಮೇಲೆ ಹಗುರಾಗಿ ತಿಕ್ಕಿದರಾಯಿತು. ಉಳಿದ ಕಾಲಕ್ಕೆ ಒಣಸಿಪ್ಪೆ ಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಒಂದು ತುಂಡು ನಾಲಿಗೆಗೆ ತಾಗಿಸಿ ನೋಡಿ. ಕೊಂಕಣದ ಕಡೆಯಿಂದ ಬರುವ ಸಿಪ್ಪೆಗೆ ಉಪ್ಪು ಬೆರೆಸಿ ಒಣಗಿಸುವ ರೂಢಿಯಿದೆ. ಅಡುಗೆಗೆ ಅದು ಒಳ್ಳೆಯದೇ, ತುರಿಸಿಕೊಂಡ ಚರ್ಮಕ್ಕೆ ಮಾತ್ರ ಉರಿ. ಉಪ್ಪಿಲ್ಲದ ಒಣಸಿಪ್ಪೆ 10–12 ತುಂಡು ತೆಗೆದುಕೊಂಡು, ಒಮ್ಮೆ ತೊಳೆದು, 200 ಮಿಲಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿಡಬೇಕು. ಅವಸರವಿದ್ದರೆ ಬಿಸಿನೀರು ಹಾಕಿ, ಹತ್ತು ನಿಮಿಷದಲ್ಲಿ ರಸ ಬಿಡುತ್ತದೆ, ಆಮೇಲೆ ಪೂರ್ತಿ ಆರಿಸಿಕೊಳ್ಳಬೇಕು. ಕೈಯಲ್ಲಿ ಚೆನ್ನಾಗಿ ಕಿವುಚಿ ಸೋಸಿದರೆ ಗಾಢ ಕೆಂಪು ನೀರು ಸಿಗುತ್ತದೆ. ಹಳೆಯ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ದಡಿಕೆಗಳ ಮೇಲೆ ಒತ್ತಬೇಕು, ತಿಕ್ಕಬಾರದು. 15–20 ನಿಮಿಷದಲ್ಲಿ ಒಣಗುತ್ತದೆ, ಆಮೇಲೆ ತಣ್ಣೀರಿನಲ್ಲಿ ತೊಳೆಯಬೇಕು. ಬಿಳಿ ಬಟ್ಟೆಗೆ ತಾಗಿದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಬಹಳ ಹುಳಿಯಾದ ರಸವಾದ್ದರಿಂದ ಸ್ಟೀಲ್, ಗಾಜು ಅಥವಾ ಪಿಂಗಾಣಿ ಪಾತ್ರೆಯೇ ಬೇಕು. ತಾಮ್ರ, ಅಲ್ಯುಮಿನಿಯಂ ಬೇಡ. ಉಗುರು ತಾಗಿ ಚರ್ಮ ಕಿತ್ತಿದ್ದ ಜಾಗಕ್ಕೆ ಹಚ್ಚಬೇಡಿ. ಹಚ್ಚಿ ಉಳಿದ ರಸಕ್ಕೆ ಮೈಗೆ ಒತ್ತಿದ ಬಟ್ಟೆ ತಾಗಿರುತ್ತದಲ್ಲ, ಕುಡಿಯಲು ಬೇರೆಯೇ ಕಿವುಚಿ. ಬೆಲ್ಲ, ಚಿಟಿಕೆ ಜೀರಿಗೆ ಪುಡಿ, ಎರಡು ಲೋಟ ನೀರು ಸೇರಿಸಿದರೆ ಪಾನಕ.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಗಂಧೆಯ ಒಂದೊಂದು ದಡಿಕೆಯೂ ತಾನಾಗಿಯೇ 24 ಗಂಟೆಯೊಳಗೆ ಇಳಿಯುತ್ತದೆ. ಏನೂ ಹಚ್ಚದಿದ್ದರೂ ಇಳಿಯುತ್ತದೆ. ಆದ್ದರಿಂದಲೇ ಗಂಧೆಗೆ ನಮ್ಮಲ್ಲಿ ಇಷ್ಟೊಂದು ಮದ್ದುಗಳಿರುವುದು, ಎಲ್ಲಕ್ಕೂ ಒಳ್ಳೆಯ ಹೆಸರಿರುವುದು. ಹಾಗಾದರೆ ಪುನರ್ಪುಳಿ ದಂಡವೇ? ಅಲ್ಲ. ತಂಪು ತಾಗಿದಾಗ ಹಿಗ್ಗಿದ ರಕ್ತನಾಳ ಕುಗ್ಗಿ ತುರಿಕೆ ತಗ್ಗುತ್ತದೆ, ತುರಿಕೆ ತಗ್ಗಿದರೆ ಕೆರೆತ ನಿಲ್ಲುತ್ತದೆ. ಗಂಧೆಯಲ್ಲಿ ಕೆರೆದಷ್ಟೂ ಹೊಸ ದಡಿಕೆ ಏಳುವುದರಿಂದ ಕೆರೆತ ನಿಲ್ಲುವುದೇ ಅರ್ಧ ಚಿಕಿತ್ಸೆ. ವೈದ್ಯರು ಕೊಡುವ ಸೆಟ್ರಿಜಿನ್‌ನಂತಹ ಮಾತ್ರೆ ಹಿಸ್ಟಮಿನ್ನನ್ನೇ ತಡೆಯುತ್ತದೆ, ಆ ಕೆಲಸ ಯಾವ ಸಿಪ್ಪೆಯಿಂದಲೂ ಅಷ್ಟು ಖಚಿತವಾಗಿ ಆಗದು. ಎರಡನ್ನೂ ಒಟ್ಟಿಗೆ ಮಾಡಲು ಅಡ್ಡಿಯಿಲ್ಲ.

ಗಂಧೆಯೋ ಅಲ್ಲವೋ ಎಂಬ ಅನುಮಾನವಿದ್ದರೆ ಒಂದು ದಡಿಕೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆದಿಟ್ಟುಕೊಳ್ಳಿ. ಮರುದಿನ ಅದೇ ಹೊತ್ತಿಗೆ ಆ ಗೆರೆಯೊಳಗೆ ಚರ್ಮ ಸಪಾಟಾಗಿದ್ದರೆ ಗಂಧೆಯೇ. ಅಲ್ಲೇ ಉಳಿದಿದ್ದರೆ, ತುರಿಕೆಗಿಂತ ನೋವು ಹೆಚ್ಚಿದ್ದರೆ, ಇಳಿದ ಜಾಗದಲ್ಲಿ ಕಂದಿದ ಕಲೆ ಬಿಟ್ಟಿದ್ದರೆ ಅದು ಬೇರೆ ಕಾಯಿಲೆ, ವೈದ್ಯರು ನೋಡಬೇಕು. ತುಟಿ, ನಾಲಿಗೆ, ಕಣ್ಣರೆಪ್ಪೆ ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ ಪುನರ್ಪುಳಿ ನೆನೆಸುತ್ತ ಕೂರಬಾರದು, ಆ ಕ್ಷಣ ಆಸ್ಪತ್ರೆಗೆ ಹೊರಡಬೇಕು. ಗಂಧೆ ಆರು ವಾರ ದಾಟಿಯೂ ದಿನಬಿಟ್ಟು ದಿನ ಏಳುತ್ತಿದ್ದರೆ ಅದಕ್ಕೂ ಮನೆಮದ್ದು ಸಾಲದು.

ದೊಡ್ಡಪತ್ರೆಯದೂ ಇದೇ ಕೆಲಸ. 5–6 ಎಲೆ ಜಜ್ಜಿ ರಸ ಹಚ್ಚುತ್ತಾರೆ, ಉಳಿದೆಲೆ ತಂಬುಳಿಗೆ. ಅದರ ಘಾಟಿಗೆ ಕಾರಣವಾದ ಎಣ್ಣೆಯ ಅಂಶ ಓಮದ್ದೇ ಬಗೆಯದು, ಮಕ್ಕಳ ಮುಖಕ್ಕೆ ಹಚ್ಚಿದರೆ ಚುರುಗುಟ್ಟುತ್ತದೆ. ಮುಖ, ಕುತ್ತಿಗೆ ಬಿಟ್ಟು ಹಚ್ಚಿ.

ಕಜ್ಜಿಗೆ ಬೇವು, ಅರಿಶಿನ: ಅಳತೆಗಿಂತ ಮನೆಮಂದಿ ಮುಖ್ಯ

ರಾತ್ರಿ ಹೊದಿಕೆಯೊಳಗೆ ಮೈ ಬಿಸಿಯಾದ ಮೇಲೆ ತುರಿಕೆ ಏರುತ್ತದೆ, ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳಿವೆ, ಮನೆಯಲ್ಲಿ ಇನ್ನಿಬ್ಬರು ಕೆರೆದುಕೊಳ್ಳುತ್ತಿದ್ದಾರೆ ಎಂದರೆ ಅದು ತುರಿಕಜ್ಜಿ. ಅರ್ಧ ಮಿಲಿಮೀಟರಿಗೂ ಸಣ್ಣದಾದ ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಪುನರ್ಪುಳಿ, ದೊಡ್ಡಪತ್ರೆ, ಗರಿಕೆ ಯಾವುದೂ ಇದನ್ನು ಮುಟ್ಟದು. ಬಯಲುಸೀಮೆಯವರು ಬೇವು ಹಿಡಿದುಕೊಂಡದ್ದು ಸರಿಯಾಗಿಯೇ ಇದೆ. ಬಲಿತ ಬೇವಿನೆಲೆ 100 ಗ್ರಾಂ, ಹಸಿ ಅರಿಶಿನ ಕೊಂಬು 25 ಗ್ರಾಂ, ಅರೆಯಲು ಬೇಕಾದಷ್ಟೇ ನೀರು. ನುಣ್ಣಗೆ ಅರೆದು ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಅಡಿ, ಬೆರಳ ಸಂದಿ, ಗುಪ್ತಾಂಗದ ಸುತ್ತಲಿನ ಚರ್ಮ ಯಾವುದನ್ನೂ ಬಿಡದೆ ತೆಳುವಾಗಿ ಹಚ್ಚಿ, ಒಂದು ತಾಸು ಬಿಟ್ಟು ಸ್ನಾನ. ದಿನಕ್ಕೊಮ್ಮೆಯಂತೆ ಎರಡು ವಾರ. ತಮಿಳುನಾಡಿನಲ್ಲಿ 814 ಮಂದಿಗೆ ಬೇವು, ಅರಿಶಿನದ ಲೇಪ ಹಚ್ಚಿ ನೋಡಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ನೂರಕ್ಕೆ 97 ಮಂದಿಗೆ 3ರಿಂದ 15 ದಿನದೊಳಗೆ ಗುಣವಾಯಿತೆಂದು ಅದು ಹೇಳುತ್ತದೆ. ಲೇಪ ಹಚ್ಚದ ಇನ್ನೊಂದು ಗುಂಪಿನ ಜೊತೆ ಹೋಲಿಸಿ ನೋಡಿದ ಅಧ್ಯಯನ ಅದಲ್ಲ, ಆದ್ದರಿಂದ ಅಂಕಿಯನ್ನು ಅಷ್ಟಕ್ಕಷ್ಟೇ ತೆಗೆದುಕೊಳ್ಳಬೇಕು.

ಕಜ್ಜಿ ವಾಸಿಯಾಗದಿರುವುದು ಲೇಪದ ದೋಷದಿಂದಲ್ಲ, ಉಳಿದೆರಡು ಕಾರಣದಿಂದ. ಮೊದಲನೆಯದು, ಕೆರೆದುಕೊಳ್ಳುವವರಿಗೆ ಮಾತ್ರ ಹಚ್ಚುವುದು. ಮೊದಲ ಸಲ ನುಸಿ ಹತ್ತಿದವರಿಗೆ ತುರಿಕೆ ಶುರುವಾಗಲು 2ರಿಂದ 6 ವಾರ ಬೇಕು. ಅಷ್ಟು ದಿನ ಅವರು ಆರಾಮಾಗಿ ಓಡಾಡಿಕೊಂಡು ನುಸಿಯನ್ನು ಹಂಚುತ್ತಿರುತ್ತಾರೆ. ಮನೆಯಲ್ಲಿ ಆರು ಜನರಿದ್ದರೆ ಆರೂ ಜನಕ್ಕೆ ಒಂದೇ ದಿನ ಆಗಬೇಕು. ಅದೇ ದಿನ ಹಾಸಿಗೆ ಬಟ್ಟೆ, ಒಳಉಡುಪು, ಟವೆಲ್ ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ತೊಳೆಯಲಾಗದ ಕಂಬಳಿ, ಸ್ವೆಟರ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮೈಯ ಸಂಪರ್ಕವಿಲ್ಲದೆ ನುಸಿ ಎರಡು ಮೂರು ದಿನದ ಮೇಲೆ ಬದುಕದು. ಎರಡನೆಯದು, ನುಸಿ ಸತ್ತ ಮೇಲೂ ತುರಿಕೆ 2ರಿಂದ 4 ವಾರ ಇರುತ್ತದೆ, ಏಕೆಂದರೆ ತುರಿಸುತ್ತಿರುವುದು ಅದರ ಕಸಕ್ಕೆ ಚರ್ಮ ತೋರಿಸುವ ಪ್ರತಿಕ್ರಿಯೆ. ಮದ್ದು ಹಿಡಿಯಲಿಲ್ಲ ಎಂದುಕೊಂಡು ಬೇವನ್ನು ದಿನಕ್ಕೆ ಮೂರು ಸಲ ಹಚ್ಚಿದರೆ ಚರ್ಮ ಒಣಗಿ ಬಿರಿದು ಅದೇ ಹೊಸ ತುರಿಕೆಯಾಗುತ್ತದೆ.

ಹಸುಗೂಸು, ಬಸುರಿ, ಬಾಣಂತಿ ಇರುವ ಮನೆಯಲ್ಲಿ ಮತ್ತು ಗುಳ್ಳೆ ಕೀವಾಗಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಶೇಕಡಾ 5ರ ಪರ್ಮೆಥ್ರಿನ್ ಮುಲಾಮು ರಾತ್ರಿ ಹಚ್ಚಿ 8–14 ಗಂಟೆ ಬಿಟ್ಟು ತೊಳೆದು, ವಾರದ ಮೇಲೆ ಇನ್ನೊಮ್ಮೆ ಹಚ್ಚುವುದು ಲೇಪಕ್ಕಿಂತ ಖಚಿತ, ಎರಡೇ ದಿನದ ಕೆಲಸ. ಹದಿನೈದು ದಿನ ಇಡೀ ಮನೆಮಂದಿಗೆ ಅರೆದು ಹಚ್ಚುವ ತ್ರಾಣ ಎಷ್ಟು ಮನೆಗಳಲ್ಲಿದೆ ಎಂಬುದನ್ನೂ ಯೋಚಿಸಬೇಕು. ಅಂದಹಾಗೆ ಪೊಟ್ಟಣದ ಅರಿಶಿನ ಪುಡಿ ಈ ಕೆಲಸಕ್ಕೆ ಬೇಡ. ಬಣ್ಣ ಹೊಳೆಯಲೆಂದು ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳು ನಮ್ಮ ದೇಶದಲ್ಲೂ ಬಾಂಗ್ಲಾದೇಶದಲ್ಲೂ ಪತ್ತೆಯಾಗಿವೆ. ಹಸಿ ಕೊಂಬು ಸಿಗದಿದ್ದರೆ ಒಣ ಕೊಂಬನ್ನು ಸಾಣೆಕಲ್ಲಿನ ಮೇಲೆ ತೇಯ್ದುಕೊಳ್ಳಿ. ಹೆಬ್ಬೇವು ಬೇವಲ್ಲ. ಬೇವಿನೆಣ್ಣೆಯನ್ನು ಮಕ್ಕಳಿಗೆ ಒಂದು ಚಮಚವೂ ಕುಡಿಸಬಾರದು. ಫಿಟ್ಸ್ ಬಂದು ಪ್ರಾಣಾಪಾಯವಾದದ್ದಿದೆ.

ಒಣ ತುರಿಕೆಗೆ ಗರಿಕೆ ಎಣ್ಣೆ

ಮಕ್ಕಳ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಚರ್ಮ ಒರಟಾಗಿ ತುರಿಸುವ ಒಣ ಇಸಬಿಗೂ, ಚಳಿಗಾಲದಲ್ಲಿ ಹಿರಿಯರ ಮೊಣಕಾಲ ಕೆಳಗೆ ಬರುವ ಬಿರುಕು ತುರಿಕೆಗೂ ಗರಿಕೆ ಎಣ್ಣೆ ಹೇಳಿ ಮಾಡಿಸಿದ್ದು. ಮನೆಮದ್ದುಗಳಲ್ಲಿ ಕೈಗುಣ ಹೆಚ್ಚು ಬೇಡುವುದೂ ಇದೇ, ಜನ ಹೆಚ್ಚು ಕೆಡಿಸುವುದೂ ಇದನ್ನೇ. ಯೂಟ್ಯೂಬಿನಲ್ಲಿ ತೋರಿಸುವಂತೆ ಕಾದ ಎಣ್ಣೆಗೆ ಗರಿಕೆ ಹಾಕಿ ಹತ್ತು ನಿಮಿಷ ಕರಿದು ಸೋಸಿದರೆ ಅದು ಗರಿಕೆಯ ಬಣ್ಣ ಹತ್ತಿದ ಎಣ್ಣೆ. ಒಳಗೆ ನೀರಿನಂಶ ಉಳಿದಿರುತ್ತದೆ, ವಾರ ಕಳೆಯುವಷ್ಟರಲ್ಲಿ ಕಮಟು ವಾಸನೆ, ಬೂಷ್ಟು.

ಎಣ್ಣೆ ಕಾಯಿಸುವ ಹಳೆಯ ಲೆಕ್ಕ ಆಯುರ್ವೇದದ ಗ್ರಂಥವಾದ ಶಾರ್ಙ್ಗಧರ ಸಂಹಿತೆಯದು. ದ್ರವವು ಎಣ್ಣೆಯ ನಾಲ್ಕು ಪಟ್ಟು, ಆ ದ್ರವ ಹಸಿ ಸೊಪ್ಪಿನ ರಸವಾಗಿದ್ದರೆ ಕಲ್ಕ, ಅಂದರೆ ಅರೆದ ಮದ್ದಿನ ಮುದ್ದೆ, ಎಣ್ಣೆಯ ಎಂಟನೇ ಒಂದು ಪಾಲು. ಮನೆಯ ಮಟ್ಟಿಗೆ 250 ಮಿಲಿ ತೆಂಗಿನೆಣ್ಣೆ, 1 ಲೀಟರ್ ಗರಿಕೆ ರಸ, ಕಲ್ಕಕ್ಕೆ 30 ಗ್ರಾಂ ಅತಿಮಧುರ. ಗರಿಕೆ ಅರ್ಧ ಕಿಲೋ ಬೇಕು. ನೆಲಕ್ಕೆ ಹಬ್ಬಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿರಬೇಕು, ಹೂವಿನ ಕಡ್ಡಿಯ ತುದಿಯಲ್ಲಿ ಒಂದೇ ಬಿಂದುವಿನಿಂದ 3–5 ಬೆರಳಿನಂತೆ ತೆನೆ ಬಿಡಿಸಿಕೊಂಡಿರಬೇಕು. ಮೂರು ಮೂಲೆಯ ದಂಟಿರುವ ಜೇಕಿನ ಹುಲ್ಲು ಅದರ ನಡುವೆಯೇ ಬೆಳೆಯುತ್ತದೆ, ಆರಿಸಿ ತೆಗೆಯಿರಿ. ಪಾರ್ಕಿನದು, ರಸ್ತೆ ಬದಿಯದು, ಕಳೆನಾಶಕ ಹೊಡೆದ ತೋಟದ್ದು ಬೇಡ. ಬೇರು ಕತ್ತರಿಸಿ, ಮೂರು ನಾಲ್ಕು ನೀರಿನಲ್ಲಿ ತೊಳೆದು, ಇಂಚಿನುದ್ದ ಹೆಚ್ಚಿ. ಹಾಗೇ ಹಾಕಿದರೆ ನಾರು ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಬಿಸಿಯಾಗುತ್ತದೆ. ಗರಿಕೆ ತಾನಾಗಿ ರಸ ಬಿಡುವ ಜಾತಿಯಲ್ಲ, 1 ಲೀಟರ್ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ನಾಲ್ಕೈದು ಸಲಕ್ಕೆ ರುಬ್ಬಿ ಬಟ್ಟೆಯಲ್ಲಿ ಹಿಂಡಬೇಕು. ಅತಿಮಧುರದ ಪುಡಿಯನ್ನು ಅದೇ ರಸದಲ್ಲಿ ಚಟ್ನಿಯ ಹದಕ್ಕೆ ಕಲಸಿಕೊಳ್ಳಿ.

ಪಾತ್ರೆ ದಪ್ಪ ತಳದ್ದು, ಅಗಲ ಬಾಯಿಯದು, ಹಾಕುವುದರ ಮೂರು ಪಟ್ಟು ಹಿಡಿಸುವಂಥದ್ದು ಇರಲಿ. ಮೊದಲ ಅರ್ಧ ಗಂಟೆ ಹಸಿರು ನೊರೆ ಹಾಲಿಗಿಂತ ಜೋರಾಗಿ ಉಕ್ಕುತ್ತದೆ. ರಸ, ಕಲ್ಕ, ಎಣ್ಣೆ ಮೂರನ್ನೂ ತಣ್ಣಗಿರುವಾಗಲೇ ಸೇರಿಸಿ ಸಣ್ಣ ಉರಿಯಲ್ಲಿ ಇಡುವುದು. ಎರಡು ತಾಸಿನ ಮೇಲೆ ಹಿಡಿಯುತ್ತದೆ. ಹೊತ್ತಾಯಿತೆಂದು ಉರಿ ಜೋರು ಮಾಡಬಾರದು, ನೀರು ಹೋಗುವ ಮೊದಲೇ ಕಲ್ಕ ತಳ ಹಿಡಿದು ಸುಟ್ಟ ವಾಸನೆ ಎಣ್ಣೆಗೆ ಇಳಿಯುತ್ತದೆ, ಅಂಥ ಎಣ್ಣೆ ತುರಿಕೆಯನ್ನು ಕೆರಳಿಸುತ್ತದೆ. ಬೇಕಾದರೆ ಅರ್ಧಕ್ಕೆ ಆರಿಸಿ ಮರುದಿನ ಮುಂದುವರಿಸಬಹುದು.

ಕೊನೆಯ ಕಾಲು ಗಂಟೆ ಒಲೆ ಬಿಟ್ಟು ಕದಲುವಂತಿಲ್ಲ. ಶಿರಸಿ ಕಡೆಯ ಅಡುಗೆಮನೆಯೊಂದರಲ್ಲಿ ಈ ಹದ ನೋಡುವ ಅಜ್ಜಿಯ ಕೈ ಕಣ್ಣಿಗೆ ಕಟ್ಟಿದಂತಿದೆ. ಕುದಿತದ ಸದ್ದು ಗಳಗಳದಿಂದ ಚಿಟಿಚಿಟಿಗೆ ಇಳಿದಾಗ ಅವರು ಸೌಟಿನ ತುದಿಯಲ್ಲಿ ಚೂರು ಕಲ್ಕ ಎತ್ತಿ, ಊದಿ ಆರಿಸಿ, ಹೆಬ್ಬೆಟ್ಟು ತೋರುಬೆರಳಿನ ನಡುವೆ ಹೊಸೆಯುತ್ತಿದ್ದರು. ಬೆರಳಿಗೆ ಅಂಟಿಕೊಂಡರೆ ಹಸಿ, ಹಾಗೇ ತಿರುಗಿ ಪಾತ್ರೆಗೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿದಾಗ ಅದು ಬೆರಳು ಬಿಟ್ಟು ಬತ್ತಿಯಂತೆ ಉದ್ದಕ್ಕೆ ಹೊರಳುವುದು. ಆ ಬತ್ತಿಯನ್ನು ದೀಪದ ಕುಡಿಗೆ ಹಿಡಿಯುವರು. ಚಟಚಟ ಅಂದರೆ ಒಳಗೆ ಇನ್ನೂ ನೀರಿದೆ. ಸದ್ದಿಲ್ಲದೆ ಹತ್ತಿ ಉರಿದರೆ ಆಯಿತು, ಅದೇ ಗಳಿಗೆಯಲ್ಲಿ ಪಾತ್ರೆ ಕೆಳಗಿಳಿಯಬೇಕು. ಕಲ್ಕ ಹೊಸೆದಾಗ ಮರಳಿನಂತೆ ಉದುರಿದರೆ ಹದ ಮೀರಿತು. ಹದ ಸರಿಯಾಗಿ ಬಂದಾಗ ಎಣ್ಣೆಯ ಮೇಲೆ ನೊರೆ ಮತ್ತೆ ಏಳುತ್ತದೆ. ಎಣ್ಣೆಗೆ ಹದ ಬಂದಾಗ ನೊರೆ ಏಳುವುದು, ತುಪ್ಪಕ್ಕೆ ಹದ ಬಂದಾಗ ನೊರೆ ಅಡಗುವುದು ಎಂಬುದು ಹಳಬರು ಕಂಡುಕೊಂಡ ಗುರುತು.

ಉಗುರುಬೆಚ್ಚಗಾದ ಮೇಲೆ ಒಣ ಬಟ್ಟೆಯಲ್ಲಿ ಸೋಸಿ, ಬಿಸಿಲಲ್ಲಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ. ಸುಮಾರು 200 ಮಿಲಿ ಸಿಗುತ್ತದೆ. ಕಲ್ಕವನ್ನು ಹಿಂಡಿ ತೆಗೆದ ಎಣ್ಣೆಯಲ್ಲಿ ಗಸಿ ಇರುತ್ತದೆ, ಅದನ್ನು ಬೇರೆ ಇಟ್ಟು ಮೊದಲು ಮುಗಿಸಿ. ಬಾಟಲಿಗೆ ಒದ್ದೆ ಬೆರಳು ಹಾಕದಿದ್ದರೆ ಆರು ತಿಂಗಳು ಕೆಡದು. ಹಚ್ಚುವುದು ಸ್ನಾನವಾದ ಎರಡು ಮೂರು ನಿಮಿಷದೊಳಗೆ, ಮೈ ಇನ್ನೂ ತೇವವಿರುವಾಗ, ತೆಳುವಾಗಿ. ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ. ಸ್ನಾನದ ನೀರು ಉಗುರುಬೆಚ್ಚಗಿರಲಿ. ಸುಡುನೀರು ಆ ಹೊತ್ತಿಗೆ ಹಿತವೆನಿಸಿದರೂ ಚರ್ಮದ ಜಿಡ್ಡನ್ನು ತೊಳೆದುಕೊಂಡು ಹೋಗುತ್ತದೆ, ಅರ್ಧ ಗಂಟೆಯಲ್ಲಿ ತುರಿಕೆ ಇಮ್ಮಡಿ. ಸೀಗೆಪುಡಿ, ಅಂಟುವಾಳ ಮೈಗೆ ಬೇಡ. ಹೆಸರುಹಿಟ್ಟೋ ತಿಳಿಗಂಜಿಯೋ ಸಾಕು.

ಈ ಎಣ್ಣೆಯ ಗುಣದಲ್ಲಿ ಗರಿಕೆಯದೆಷ್ಟು, ತೆಂಗಿನೆಣ್ಣೆಯದೆಷ್ಟು? ದೊಡ್ಡ ಪಾಲು ತೆಂಗಿನೆಣ್ಣೆಯದೇ ಎಂದು ನನಗನ್ನಿಸುತ್ತದೆ. ಹಸಿ ತೆಂಗಿನಕಾಯಿಯ ಎಣ್ಣೆಯನ್ನು ಮಕ್ಕಳ ಇಸಬಿಗೆ ಹಚ್ಚಿ ಖನಿಜ ತೈಲದ ಜೊತೆ ಹೋಲಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆಯೇ ಮೇಲಾಗಿ ಕಂಡಿದೆ. ಆದ್ದರಿಂದ ಎರಡು ತಾಸು ಒಲೆ ಮುಂದೆ ಕೂರಲಾಗದವರು ಬರಿಯ ತೆಂಗಿನೆಣ್ಣೆ ಹಚ್ಚಿಕೊಂಡರೂ ನಷ್ಟವಿಲ್ಲ. ಕೆಟ್ಟ ಹದದ ಗರಿಕೆ ಎಣ್ಣೆಗಿಂತ ಅದು ನೂರು ಪಾಲು ವಾಸಿ.

ಎಣ್ಣೆ ಮುಟ್ಟಲೇಬಾರದ ತುರಿಕೆಗಳು

ಒಣ ಇಸಬಿಗೆ ಅಮೃತವಾದ ಎಣ್ಣೆ ಬೆವರುಸಾಲೆಗೆ ವಿರುದ್ಧ. ಮಾರ್ಚಿನಿಂದ ಮೇವರೆಗೆ ಕರಾವಳಿಯ ಮಕ್ಕಳ ಕುತ್ತಿಗೆ, ಬೆನ್ನಿನ ಮೇಲೆ ಸಾಸಿವೆ ಕಾಳಿನಂತೆ ಏಳುವ ಗುಳ್ಳೆಗಳಿಗೆ ಕಾರಣ ಬೆವರಿನ ರಂಧ್ರ ಕಟ್ಟಿಕೊಂಡಿರುವುದು. ಮೇಲೆ ಎಣ್ಣೆ ಸವರಿದರೆ, ದಪ್ಪಗೆ ಪೌಡರ್ ಬಳಿದರೆ ಮತ್ತಷ್ಟು ಕಟ್ಟುತ್ತದೆ. ತಣ್ಣೀರು, ಫ್ಯಾನು, ಸಡಿಲ ಹತ್ತಿ ಬಟ್ಟೆ, ಸಾಣೆಕಲ್ಲಿನಲ್ಲಿ ತೇಯ್ದ ಶ್ರೀಗಂಧದ ತೆಳು ಲೇಪ, ಅಷ್ಟೇ. ಲಾವಂಚದ ಬೇರು ರಾತ್ರಿ ನೆನೆಸಿದ ನೀರನ್ನು ಕೊನೆಯ ಚೊಂಬಿಗೆ ಸುರಿದುಕೊಳ್ಳಬಹುದು. ಬೆವರು ನಿಂತರೆ ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ. ಕೂಸಿನ ನೆತ್ತಿಯ ಹಳದಿ ಹೊಪ್ಪಳೆ ಮತ್ತು ದೊಡ್ಡವರ ತಲೆಹೊಟ್ಟಿನ ತುರಿಕೆಗೂ ಎಣ್ಣೆ ಹಚ್ಚಿ ಬಿಡಬಾರದು, ಅಲ್ಲಿರುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ.

ಇನ್ನು ಹುಳುಕಡ್ಡಿ. ತೊಡೆಸಂದು, ಸೊಂಟದಲ್ಲಿ ಉಂಗುರದಂತೆ ಅಂಚು ಕೆಂಪಾಗಿ ಹರಡುತ್ತ ನಡುವೆ ತಿಳಿಯಾಗುವುದು ಅದರ ಲಕ್ಷಣ. ಚಗಟೆ ಬೀಜವನ್ನು ಹುಳಿಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ ಅರೆದು ಹಚ್ಚುವ, ಸೀಮೆ ಅಗಸೆಯ ಎಲೆ ತಿಕ್ಕುವ ಮದ್ದುಗಳು ಒಂದು ಕಾಲಕ್ಕೆ ಕೆಲಸ ಮಾಡಿದ್ದಿರಬಹುದು, ಆ ಗಿಡಗಳಲ್ಲಿ ಶಿಲೀಂಧ್ರ ತಡೆಯುವ ಅಂಶ ಇರುವುದೂ ನಿಜ. ಆದರೆ ಹತ್ತು ಹದಿನೈದು ವರ್ಷಗಳಿಂದೀಚೆ ನಮ್ಮ ದೇಶದಲ್ಲಿ ಹರಡಿರುವ ಹುಳುಕಡ್ಡಿ ಮಾಮೂಲು ಮಾತ್ರೆಗೇ ಬಗ್ಗುತ್ತಿಲ್ಲ. ಈ ಹೊಸ ಬಗೆಯ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು, ಹೆಸರಿನಲ್ಲೇ ಭಾರತ ಸೇರಿಕೊಂಡಿದೆ. ಹೀಗಾಗಿರುವುದರಲ್ಲಿ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಟ್ಯೂಬುಗಳ ಪಾತ್ರ ದೊಡ್ಡದು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ, ಬಿಟ್ಟ ವಾರಕ್ಕೆ ಇಮ್ಮಡಿಯಾಗಿ ವಾಪಸ್, ಉಂಗುರದ ಆಕಾರವೂ ಕಲಸಿಹೋಗಿ ಗುರುತೇ ಸಿಗದು. ಹುಳುಕಡ್ಡಿಯ ವಿಷಯದಲ್ಲಿ ಮನೆಮದ್ದಿನ ಪರ ನಾನು ವಾದಿಸುವುದಿಲ್ಲ. ನೇರ ಚರ್ಮವೈದ್ಯರಲ್ಲಿಗೆ ಹೋಗಿ, ಅವರು ಹೇಳಿದಷ್ಟು ವಾರವೂ ಬಿಡದೆ ಮದ್ದು ಮಾಡಿ, ಒಳಉಡುಪನ್ನು ಬೇರೆಯಾಗಿ ಒಗೆದು ಬಿಸಿಲಲ್ಲಿ ಒಣಗಿಸಿ.

ಚೇರೆ ತಾಗಿದರೆ

ಮಲೆನಾಡಿನ ಸೊಪ್ಪಿನಬೆಟ್ಟದಲ್ಲಿ ಕೆಲಸ ಮಾಡುವವರ ತುರಿಕೆಯ ಕಥೆ ಬೇರೆ. ಸೊಪ್ಪು ಕಡಿಯುವಾಗ ಚೇರೆ ಮರದ ಕೊಂಬೆಗೆ ಕತ್ತಿ ಬಿದ್ದು ಸೊನೆ ಮುಂಗೈಗೆ ಸಿಡಿಯುತ್ತದೆ. ಆ ಹೊತ್ತಿಗೆ ಏನೂ ಅನ್ನಿಸದು, ಸೊನೆ ಒಣಗಿ ಕಪ್ಪು ಕಲೆಯಾಗುತ್ತದೆ ಅಷ್ಟೆ. ಒಂದೆರಡು ದಿನದ ಮೇಲೆ ಮುಂಗೈ ಕೆಂಪಾಗಿ ನೀರುಗುಳ್ಳೆ ಏಳುತ್ತದೆ, ಕೈ ತಾಗಿದ ಮುಖ, ಕುತ್ತಿಗೆ ಊದುತ್ತವೆ. ಗುಳ್ಳೆಯ ನೀರಿನಿಂದ ಹರಡುತ್ತದೆ ಎಂಬ ನಂಬಿಕೆಯಿದೆ, ಅದು ಸರಿಯಲ್ಲ. ಹರಡಿಸುವುದು ಉಗುರಿನಡಿ, ಕತ್ತಿಯ ಹಿಡಿ, ಲುಂಗಿಯ ಅಂಚಿನಲ್ಲಿ ಉಳಿದ ಸೊನೆ. ಗೇರು, ಮಾವು ಕೂಡ ಇದೇ ಕುಟುಂಬದ ಮರಗಳು, ಗೇರುಸಿಪ್ಪೆಯ ಎಣ್ಣೆ, ಮಾವಿನ ಸೊನೆಯಿಂದಲೂ ಹೀಗೇ ಆಗುತ್ತದೆ.

ಸೊನೆ ತಾಗಿದ ಹತ್ತು ಹದಿನೈದು ನಿಮಿಷದೊಳಗೆ ಸೋಪು ಹಾಕಿ ಹರಿಯುವ ತಣ್ಣೀರಿನಲ್ಲಿ ತೊಳೆದುಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಗುಳ್ಳೆ ಎದ್ದು ನೀರು ಒಸರತೊಡಗಿದ ಮೇಲೆ ಎಣ್ಣೆ, ತುಪ್ಪ, ಲೇಪ ಯಾವುದೂ ಬೇಡ, ಒಸರುವ ಚರ್ಮವನ್ನು ಒಣಗಿಸುವುದೇ ಕೆಲಸ. ಅದಕ್ಕೆ ತಾರೆ ಮರದ, ಅಂದರೆ ತ್ರಿಫಲಕ್ಕೆ ಹಾಕುವ ತಾರೆಕಾಯಿಯ ಮರದ, ತೊಗಟೆ. ಕೇರಳದ ಕಡೆ ಚೇರೆ ತಾಗಿದವರು ತಾರೆ ಮರಕ್ಕೆ ಸುತ್ತು ಬಂದು ಬೇಡಿಕೊಳ್ಳುವ ರೂಢಿಯೂ ಇದೆ. 50 ಗ್ರಾಂ ತೊಗಟೆ ಜಜ್ಜಿ, 1 ಲೀಟರ್ ನೀರಿಗೆ ಹಾಕಿ, ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ, ಪೂರ್ತಿ ತಣಿಸಬೇಕು. ನಾಲ್ಕು ಮಡಿಕೆಯ ತೆಳು ಬಟ್ಟೆ ಅದ್ದಿ, ಹಿಂಡಿ, 15–20 ನಿಮಿಷ ಗುಳ್ಳೆಗಳ ಮೇಲೆ ಹರವಿ, ಬಿಸಿಯಾದಂತೆ ಮತ್ತೆ ಅದ್ದುವುದು. ದಿನಕ್ಕೆ ಮೂರು ನಾಲ್ಕು ಸಲ. ಕಷಾಯ ಅಂದಂದಿನದ್ದು ಅಂದೇ. ಕೆಲಸ ಮಾಡುವುದು ತೊಗಟೆಯ ಒಗರು. ಅಡಿಕೆ ಬೇಯಿಸಿದ ಚೊಗರು ಬೆರಳ ಚರ್ಮವನ್ನು ಹೇಗೆ ಬಿಗಿದು ಒಣಗಿಸುತ್ತದೆಂದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ತೊಗಟೆ ಸಿಗದ ಪೇಟೆಯವರು ಹಾಲು ಸಕ್ಕರೆ ಇಲ್ಲದ ಕಡು ಚಹಾವನ್ನು ತಣಿಸಿ ಹೀಗೇ ಬಳಸಬಹುದು. ಎರಡು ಮೂರು ದಿನದಲ್ಲಿ ಒಸರುವುದು ನಿಲ್ಲುತ್ತದೆ, ಪೂರ್ತಿ ಮಾಯಲು ಎರಡು ಮೂರು ವಾರ ಬೇಕು. ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿದರೆ, ಗುಪ್ತಾಂಗಕ್ಕೆ ತಾಗಿದ್ದರೆ ತೊಗಟೆಯ ಮೇಲೆ ಭಾರ ಹಾಕಬೇಡಿ.

ಹಚ್ಚುವ ಮೊದಲು, ವೈದ್ಯರಲ್ಲಿಗೆ ಹೋಗುವ ಮೊದಲು

ಯಾವ ಸೊಪ್ಪಾದರೂ ಮೊದಲ ಸಲ ಹಚ್ಚುವಾಗ ಮೊಣಕೈಯ ಒಳಮಗ್ಗುಲಿಗೆ ನಾಣ್ಯದಗಲ ಹಚ್ಚಿ ಎರಡು ದಿನ ನೋಡಿ. ಲೋಳೆಸರ ಕತ್ತರಿಸಿದ ಕೂಡಲೇ ಹಚ್ಚದೆ, ತುಂಡನ್ನು ಕಾಲು ಗಂಟೆ ನೆಟ್ಟಗೆ ನಿಲ್ಲಿಸಿ ಹಳದಿ ಹಾಲು ಇಳಿಸಿ, ತೊಳೆದು, ಒಳಗಿನ ಲೋಳೆ ಮಾತ್ರ ತೆಗೆದುಕೊಳ್ಳಿ. ತುರಿಕೆ ತರಿಸುವುದು ಆ ಹಳದಿ ಹಾಲು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಅರೆದ ಬೆಳ್ಳುಳ್ಳಿ ಕಟ್ಟಿದರೆ ಬೊಬ್ಬೆ ಏಳುತ್ತದೆ. ಕರ್ಪೂರ ಬೆರೆಸಿದ ಎಣ್ಣೆ ಕೂಸುಗಳಿಗೆ ಹಚ್ಚಲೇಬಾರದು, ಚರ್ಮದ ಮೂಲಕ ಒಳಸೇರಿ ಫಿಟ್ಸ್ ಬರಿಸಬಲ್ಲದು. ಸುಣ್ಣ, ಸೀಮೆಎಣ್ಣೆಯ ಹೆಸರನ್ನೇ ಎತ್ತಬೇಡಿ.

ಮೈಮೇಲೆ ಏನೂ ಕಾಣದೆ ಮೈಯೆಲ್ಲ ತುರಿಸುತ್ತಿದ್ದರೆ ಹಚ್ಚುವುದರಿಂದ ಪ್ರಯೋಜನವಿಲ್ಲ. ಪಿತ್ತಜನಕಾಂಗ, ಮೂತ್ರಪಿಂಡ, ಥೈರಾಯ್ಡ್, ಸಕ್ಕರೆ ಕಾಯಿಲೆಗಳ ರಕ್ತಪರೀಕ್ಷೆ ಆಗಬೇಕು. ತುಂಬಿದ ಬಸುರಿಗೆ ಅಂಗೈ ಅಂಗಾಲು ತುರಿಸತೊಡಗಿದರೆ ಅಂದೇ ತೋರಿಸಬೇಕು, ಮಗುವಿಗೆ ಅಪಾಯವಿರುವ ಲಕ್ಷಣ ಅದು. ಹೊಸ ಮಾತ್ರೆ ಶುರುಮಾಡಿದ ಮೇಲೆ ಜ್ವರ, ಬಾಯಿಹುಣ್ಣು, ಕಣ್ಣುರಿಯ ಜೊತೆ ದದ್ದು ಎದ್ದರೆ ಮಾತ್ರೆ ಹೊತ್ತುಕೊಂಡೇ ಆಸ್ಪತ್ರೆಗೆ ಓಡಬೇಕು. ಬಿಳಿಚಿದ ಮಚ್ಚೆಯ ಮೇಲೆ ಸ್ಪರ್ಶವೇ ತಿಳಿಯದಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಚಿಕಿತ್ಸೆ ಉಚಿತ.

ವೈದ್ಯರಲ್ಲಿಗೆ ಹೊರಡುವ ದಿನ ಬೆಳಿಗ್ಗೆ ಏನನ್ನೂ ಹಚ್ಚಬೇಡಿ. ಅರಿಶಿನ ಬಳಿದ ಚರ್ಮದ ಮೇಲೆ ಕೆಂಪು ಕಾಣುವುದಿಲ್ಲ, ಎಣ್ಣೆ ಸವರಿದ ಮೇಲೆ ಹೊಪ್ಪಳೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಕಷ್ಟ. ಹಿಂದೆ ಹಚ್ಚಿದ್ದನ್ನೆಲ್ಲ ಸಂಕೋಚವಿಲ್ಲದೆ ಹೇಳಿ, ಹೆಸರು ಗೊತ್ತಿಲ್ಲದ ಪುಡಿಯಾದರೆ ಪೊಟ್ಟಣವನ್ನೇ ಒಯ್ಯಿರಿ, ಆಯುರ್ವೇದವೆಂದು ಮಾರುವ ಕೆಲವು ಪುಡಿ ಮುಲಾಮುಗಳಲ್ಲಿ ಸ್ಟೀರಾಯ್ಡ್ ಸಿಕ್ಕಿದೆ. ಗಂಧೆಯಾದರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಳಿದಿರುತ್ತದೆ. ಎದ್ದಾಗಲೇ ಹಗಲ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.